ಬಡಾವಣೆ ಪಕ್ಕದ ನೀರಲ್ಲಿ ಬಕ, ಬೆಳ್ಳಕ್ಕಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನೀರಿನ ದಡದಲ್ಲಿ ಬೈನಾಕ್ಯುಲರ್ ಹಿಡಿದು ನಿಂತರೆ ಸಾಕು, ಯಾರಾದರೂ ಪಕ್ಕಕ್ಕೆ ಬಂದು ಏನಾದರೂ ಕೇಳುತ್ತಾರೆ. ವಾಕಿಂಗ್‌ಗೆ ಬಂದವರು, ಮಕ್ಕಳನ್ನು ಕರೆದುಕೊಂಡು ಬಂದವರು, ಗಾಳ ಹಾಕಿ ಕೂತವರು. ಮನೆಗೆ ಹೋಗಿ ಪತ್ರ ಬರೆದು ಕೇಳುವವರೂ ಇದ್ದಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅವರು ಕೇಳಿದ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರು ಮೊದಲಿಂದ ಓದಿ, ಉಳಿದವರು ಬೇಕಾದ್ದಕ್ಕೆ ಹೋಗಿ.

## ಈಗಷ್ಟೇ ಶುರು ಮಾಡಿದವರಿಗೆ

ಈ ಕೊಳಕು ನೀರಲ್ಲಿ ನೋಡೋಕೆ ಏನಿದೆ? ಹಕ್ಕಿ ನೋಡ್ಬೇಕಂದ್ರೆ ಕಾಡಿಗೆ ಹೋಗ್ಬೇಕಲ್ವಾ?

ಬೇಕಿಲ್ಲ. ನೀರುಹಕ್ಕಿ ನೋಡಲು ಕಾಡಿಗಿಂತ ಬಡಾವಣೆ ಪಕ್ಕದ ಕೆರೆಯೇ ಸುಲಭ. ಕಾಡಲ್ಲಿ ಕೂಗು ಕೇಳುತ್ತದೆ, ಹಕ್ಕಿ ಎಲೆ ಹಿಂದೆ ಇರುತ್ತದೆ. ಇಲ್ಲಿ ಬಯಲು ನೀರು, ಎದುರಿಗೇ ನಿಂತ ದೊಡ್ಡ ಹಕ್ಕಿ. ಮನೆಗಳ ಹತ್ತಿರ ಇರುವ ಹಕ್ಕಿಗಳಿಗೆ ಜನರ ಓಡಾಟವೂ ಅಭ್ಯಾಸವಾಗಿರುತ್ತದೆ, ಹಾಗಾಗಿ ಸ್ವಲ್ಪ ಹತ್ತಿರದಿಂದ ನೋಡಲು ಬಿಡುತ್ತವೆ.

ನೀರು ಕಪ್ಪಗಿದೆ, ವಾಸನೆ ಬರುತ್ತದೆ ಎಂದು ಬಿಟ್ಟು ಹೋಗಬೇಡಿ. ಮಳೆನೀರಿಗೆ ತೋಡಿದ ಹೊಂಡ, ಕಾಲುವೆಯ ಅಂಚು, ವರ್ಷದಲ್ಲಿ ಮೂರು ತಿಂಗಳು ಮಾತ್ರ ನೀರು ನಿಲ್ಲುವ ಖಾಲಿ ಜಾಗ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 1971ರಲ್ಲಿ ಇರಾನಿನ ರಾಮ್ಸಾರ್ ಊರಲ್ಲಿ ಆದ ಜೌಗುಭೂಮಿಗಳ ಒಪ್ಪಂದವೂ ಇದನ್ನೇ ಹೇಳುತ್ತದೆ: ತಾನಾಗಿ ಆದದ್ದಿರಲಿ, ಮನುಷ್ಯ ಮಾಡಿದ್ದಿರಲಿ, ನೀರು ಸದಾ ಇರಲಿ, ಕೆಲವು ಕಾಲ ಮಾತ್ರ ಇರಲಿ, ಅದು ಜೌಗುಭೂಮಿಯೇ. ಬಕಕ್ಕೂ ಅಷ್ಟೇ. ಕಾಲೂರಲು ತೆಳು ನೀರು, ನುಂಗಲು ಮೀನು ಕಪ್ಪೆ ಇದ್ದರೆ ಬಂದು ನಿಲ್ಲುತ್ತದೆ.

ಬಕ, ಬೆಳ್ಳಕ್ಕಿ, ಕೊಕ್ಕರೆ ಎಲ್ಲಾ ಒಂದೇ ಅಲ್ವಾ?

ಮಾತಿನಲ್ಲಿ ನಾವು ಉದ್ದ ಕಾಲಿನ ಯಾವ ಹಕ್ಕಿಯನ್ನೂ ಕೊಕ್ಕರೆ ಅನ್ನುತ್ತೇವೆ. ಆದರೆ ಬಕ ಮತ್ತು ಬೆಳ್ಳಕ್ಕಿ ಒಂದೇ ಕುಟುಂಬ, ಕೊಕ್ಕರೆ ಬೇರೆ ಕುಟುಂಬ. ಬಕದ ಕುಟುಂಬದಲ್ಲಿ 60ಕ್ಕೂ ಹೆಚ್ಚು ಜಾತಿಗಳಿವೆ, ಅದರಲ್ಲಿ ಹೆಚ್ಚಾಗಿ ಬೆಳ್ಳಗಿರುವ ಕೆಲವನ್ನು ಬೆಳ್ಳಕ್ಕಿ ಎಂದು ಕರೆಯುತ್ತೇವೆ, ಅಷ್ಟೇ ವ್ಯತ್ಯಾಸ.

ಇವನ್ನು ಬೇರೆ ಮಾಡಲು ಹಾರುವಾಗ ಕತ್ತು ನೋಡಿ. ಬಕ, ಬೆಳ್ಳಕ್ಕಿಗಳು ಕತ್ತನ್ನು ಮಡಚಿ ಭುಜದೊಳಗೆ ಎಳೆದುಕೊಂಡು ಹಾರುತ್ತವೆ. ಕೊಕ್ಕರೆ, ಸಾರಸ, ಬಾಗಿದ ಕೊಕ್ಕಿನ ಐಬಿಸ್, ಚಮಚದ ಕೊಕ್ಕಿನ ಹಕ್ಕಿ ಕತ್ತನ್ನು ಮುಂದಕ್ಕೆ ಚಾಚಿ ಹಾರುತ್ತವೆ. ಹೊಸದಾಗಿ ಮೇಲೆದ್ದ ಬಕ ಒಂದೆರಡು ಕ್ಷಣ ಕತ್ತು ಚಾಚಿಕೊಂಡೇ ಇರುತ್ತದೆ, ಆಮೇಲೆ ಮಡಚುತ್ತದೆ. ಅವಸರ ಮಾಡದೆ ಸ್ವಲ್ಪ ದೂರ ಹೋಗುವವರೆಗೂ ನೋಡಿ.

ಎಷ್ಟು ಗಂಟೆಗೆ ಹೋಗ್ಬೇಕು?

ಬೆಳಿಗ್ಗೆ ಬೆಳಕು ಹರಿದ ಮೊದಲ ಎರಡು ಗಂಟೆ, ಸಂಜೆ ಸೂರ್ಯ ಮುಳುಗುವ ಮುಂಚಿನ ಒಂದೂವರೆ ಗಂಟೆ. ಬೆಳಿಗ್ಗೆ ಹಸಿದು ಬಂದ ಹಕ್ಕಿ ಬೇಟೆಯಲ್ಲಿರುತ್ತದೆ, ಸಂಜೆ ರಾತ್ರಿ ತಂಗುವ ಮರಕ್ಕೆ ವಾಪಸ್ ಬರುತ್ತದೆ. ಮಧ್ಯಾಹ್ನ ಹೋದರೆ ಹಕ್ಕಿ ಇರುವುದಿಲ್ಲ ಅಂತೇನಿಲ್ಲ, ಆದರೆ ಹೆಚ್ಚಿನವು ನೆರಳಲ್ಲಿ ಗರಿ ತಿದ್ದುತ್ತಾ ಕೂತಿರುತ್ತವೆ. ನೀರಿನ ಮೇಲಿನ ಝಳದಲ್ಲಿ ದೂರದ್ದೆಲ್ಲ ಕದಡಿದ ಹಾಗೆ ಕಾಣುತ್ತದೆ.

ಗಂಟೆಗಿಂತ ಮುಖ್ಯವಾದದ್ದು ಸೂರ್ಯ ಎಲ್ಲಿದ್ದಾನೆ ಅನ್ನುವುದು. ಬಿಸಿಲು ನಿಮ್ಮ ಬೆನ್ನಿಗಿರಬೇಕು. ಎದುರು ಬಿಸಿಲಲ್ಲಿ ಎಲ್ಲಾ ಹಕ್ಕಿಯೂ ಕಪ್ಪು. ಬೆಳಿಗ್ಗೆ ಪೂರ್ವದ ದಡದಲ್ಲಿ ನಿಲ್ಲಿ, ಸಂಜೆ ಪಶ್ಚಿಮದ ದಡದಲ್ಲಿ ನಿಲ್ಲಿ.

ಬೈನಾಕ್ಯುಲರ್ ಇಲ್ದೆ ಆಗಲ್ವಾ? ತಗೊಳ್ಳೋದಾದ್ರೆ ಯಾವುದು?

ಬಕದಂಥ ದೊಡ್ಡ ಹಕ್ಕಿಗೆ ಬರಿಗಣ್ಣೂ ಸಾಕು, ಮೊದಲ ತಿಂಗಳು ಹಾಗೇ ನೋಡಿ. ತಗೊಳ್ಳುವುದಾದರೆ 8×42. ಎಂಟು ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಗಾಜು ಅಗಲ ಇದ್ದಷ್ಟೂ ಮುಂಜಾನೆಯ ಮಬ್ಬು ಬೆಳಕಲ್ಲಿ ಚೆನ್ನಾಗಿ ಕಾಣುತ್ತದೆ. 12, 16 ಪಟ್ಟು ಅಂತ ಬರೆದಿರುವುದನ್ನು ನೋಡಿ ಆಸೆ ಪಡಬೇಡಿ, ಕೈ ನಡುಗಿದ್ದೂ ಅಷ್ಟೇ ಪಟ್ಟು ಕಾಣುತ್ತದೆ.

ನಾನು ಸ್ವಲ್ಪ ಹತ್ರ ಹೋದ ತಕ್ಷಣ ಹಾರಿಹೋಗ್ತವೆ, ಏನ್ ಮಾಡೋದು?

ಹತ್ತಿರ ಹೋಗಬೇಡಿ. ಒಂದು ಕಡೆ ಕೂತುಬಿಡಿ. ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಕಲಿಯಬೇಕಾದ್ದು ಇದೊಂದೇ. ಕೂತ ಮನುಷ್ಯ ಹಕ್ಕಿಗೆ ಸಣ್ಣವನಾಗಿ ಕಾಣುತ್ತಾನೆ, ಅಲುಗದೆ ಇದ್ದರೆ ಹತ್ತು ಹದಿನೈದು ನಿಮಿಷದಲ್ಲಿ ಮರೆತೇಬಿಡುತ್ತದೆ. ಮೊದಲು ಹಾರಿಹೋದ ಬೆಳ್ಳಕ್ಕಿಯೇ ತಿರುಗಿ ಬಂದು ನಿಮ್ಮ ಮುಂದೆ ಇಳಿಯುವುದನ್ನು ನೋಡುತ್ತೀರಿ.

ಹಾರುವ ಮುಂಚೆ ಹಕ್ಕಿ ಸೂಚನೆ ಕೊಟ್ಟಿರುತ್ತದೆ. ಬೇಟೆ ನಿಲ್ಲಿಸುತ್ತದೆ, ಕತ್ತು ನೆಟ್ಟಗೆ ಮಾಡುತ್ತದೆ, ನಿಮ್ಮ ಕಡೆಗೆ ಒಂದು ಕಣ್ಣು ತಿರುಗಿಸುತ್ತದೆ. ಆಗಲೇ ನಿಲ್ಲಬೇಕು, ಒಂದು ಹೆಜ್ಜೆ ಹಿಂದೆ ಹೋದರೆ ಇನ್ನೂ ಒಳ್ಳೆಯದು. ನೇರವಾಗಿ ಅದರ ಕಡೆ ನಡೆಯುವ ಬದಲು ಪಕ್ಕಕ್ಕೆ ಓರೆಯಾಗಿ ನಡೆಯಿರಿ. ಒಂದು ಸಲ ಎಬ್ಬಿಸಿದರೆ ಅಷ್ಟು ಹೊತ್ತು ಕಾದಿದ್ದ ಅದರ ಊಟ ತಪ್ಪುತ್ತದೆ, ಅದು ನೆನಪಿರಲಿ.

ಬಟ್ಟೆ ಬಣ್ಣ ಮುಖ್ಯನಾ?

ಅಲುಗಾಟದಷ್ಟು ಅಲ್ಲ. ಅಚ್ಚ ಬಿಳಿ ಮತ್ತು ಫಳಫಳ ಹೊಳೆಯುವುದು ಬೇಡ, ಅಷ್ಟು ಸಾಕು.

ಕೆರೆ ದೊಡ್ಡದಿದೆ, ಎಲ್ಲಿ ನೋಡ್ಬೇಕು ಅಂತಾನೇ ಗೊತ್ತಾಗಲ್ಲ.

ನೀರಿನ ಆಳ ನೋಡಿ, ಹಕ್ಕಿ ತಾನಾಗಿ ಸಿಗುತ್ತದೆ. ಕಾಲು ಎಷ್ಟುದ್ದವೋ ಅಷ್ಟು ನೀರಲ್ಲಿ ಹಕ್ಕಿ. ಒದ್ದೆ ಕೆಸರಿನ ಮೇಲೆ ಗದ್ದೆಗೊರವಗಳು ಬಾಲ ಕುಣಿಸುತ್ತಾ ಓಡಾಡುತ್ತವೆ. ಪಾದ ಮುಳುಗುವಷ್ಟು ನೀರಲ್ಲಿ ಚಿಕ್ಕ ಬೆಳ್ಳಕ್ಕಿ. ಅದಕ್ಕಿಂತ ಸ್ವಲ್ಪ ಆಳಕ್ಕೆ ಮೆಟ್ಟುಗಾಲು ಹಕ್ಕಿ, ಆಮೇಲೆ ದೊಡ್ಡ ಬೆಳ್ಳಕ್ಕಿ, ಬೂದು ಬಕ. ಕಾಲು ನಿಲುಕದ ಕಡೆ ಈಜುವವು, ಮುಳುಗುವವು. ಎಲೆ ತೇಲುವ ಜಾಗದಲ್ಲಿ ಉದ್ದ ಬೆರಳಿನ ದೇವನಕ್ಕಿ, ಅದು ಎಲೆ ಮೇಲೇ ನಡೆಯುತ್ತದೆ. ಜೊಂಡಿನ ಅಂಚಲ್ಲಿ ನೀರುಕೋಳಿಗಳು.

ಹಾಗಾಗಿ ನಡು ನೀರನ್ನು ನೋಡುತ್ತಾ ನಿಲ್ಲಬೇಡಿ. ನೀರು ಮತ್ತು ಮಣ್ಣು ಸೇರುವ ಗೆರೆಯ ಮೇಲೆ ನಿಧಾನಕ್ಕೆ ಬೈನಾಕ್ಯುಲರ್ ಓಡಿಸಿ. ನೀರು ಒಳಗೆ ಬರುವ ಬಾಯಿ, ಹೊರಗೆ ಹೋಗುವ ಬಾಯಿ ಎರಡನ್ನೂ ಬಿಡಬೇಡಿ, ಮೀನು ಅಲ್ಲಿ ಸೇರುತ್ತದೆ, ಬಕವೂ ಅಲ್ಲೇ.

## ಗುರುತು ಹಿಡಿಯಲು ಒದ್ದಾಡುತ್ತಿರುವವರಿಗೆ

ಬಿಳಿ ಹಕ್ಕಿಗಳೆಲ್ಲಾ ನಂಗೆ ಒಂದೇ ಥರ ಕಾಣ್ತವೆ.

ಎಲ್ಲರಿಗೂ ಮೊದಲು ಹಾಗೇ. ಮೈ ಬಿಟ್ಟು ಕೊಕ್ಕು ಮತ್ತು ಕಾಲು ನೋಡಿ.

ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಹಳದಿ ಇದ್ದರೆ ಚಿಕ್ಕ ಬೆಳ್ಳಕ್ಕಿ. ಕೆಸರಿಂದ ಕಾಲೆತ್ತಿದಾಗ ಹಳದಿ ಸಾಕ್ಸ್ ಹಾಕಿದ ಹಾಗೆ ಕಾಣುತ್ತದೆ. ಅದು ಸುಮ್ನೆ ಅಂದಕ್ಕಿಲ್ಲ. ಒಂದು ಕಾಲನ್ನು ಮುಂದಿಟ್ಟು ನೀರೊಳಗೆ ಗಡಗಡ ನಡುಗಿಸುತ್ತದೆ, ಅಡಗಿದ್ದ ಸಿಗಡಿ, ಸಣ್ಣ ಮೀನು ಹೊರಗೆ ಹಾರುತ್ತವೆ, ತಕ್ಷಣ ಕೊಕ್ಕು. ಒಂದು ಸಲ ನಾಲ್ಕು ಮಾರು ದೂರದಲ್ಲಿ ಇದನ್ನು ನೋಡಿದ್ದೆ, ನೀರಿನ ಮೇಲೆ ಪುಟ್ಟ ಪುಟ್ಟ ಬಳೆಗಳ ಹಾಗೆ ಅಲೆ ಏಳುತ್ತಿತ್ತು, ಹಕ್ಕಿಯ ಮೈ ಮಾತ್ರ ಕಲ್ಲಿನ ಹಾಗೆ ನಿಂತಿತ್ತು.

ದೊಡ್ಡದಾಗಿದ್ದು, ಕತ್ತು ಮೈಗಿಂತ ಉದ್ದ, ನಡುವೆ ಗಂಟು ಬಿದ್ದ ಹಾಗೆ ಮುರಿದಿದ್ದರೆ ದೊಡ್ಡ ಬೆಳ್ಳಕ್ಕಿ. ಮಧ್ಯಮ ಬೆಳ್ಳಕ್ಕಿಯ ಜೊತೆ ಗೊಂದಲ ಆಗುವುದು ಸಹಜ. ಬಾಯಿ ಸೀಳು ಎಲ್ಲಿಗೆ ಮುಗಿಯುತ್ತದೆ ನೋಡಿ. ದೊಡ್ಡದರಲ್ಲಿ ಅದು ಕಣ್ಣನ್ನು ದಾಟಿ ಹಿಂದೆ ಹೋಗುತ್ತದೆ, ಮಧ್ಯಮದಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ಕೊಕ್ಕಿನ ಬಣ್ಣ ನಂಬಬೇಡಿ, ಮರಿ ಮಾಡುವ ಕಾಲದಲ್ಲಿ ಹಳದಿ ಹೋಗಿ ಕಪ್ಪಾಗುವುದುಂಟು.

ಗಿಡ್ಡ ಕತ್ತು, ಹಳದಿ ಕೊಕ್ಕು, ಗದ್ದ ಉಬ್ಬಿದ ಹಾಗಿದ್ದು ನೀರಿಗಿಂತ ಹುಲ್ಲಲ್ಲೇ ಜಾಸ್ತಿ ಇದ್ದರೆ ಗೋವಕ್ಕಿ. ದನಗಳ ಕಾಲಿಗೆ ಎದ್ದ ಮಿಡತೆ ಹಿಡಿಯುವುದು ಇದೇ. ಮರಿ ಮಾಡುವ ಕಾಲಕ್ಕೆ ತಲೆ, ಎದೆ, ಬೆನ್ನು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಆಫ್ರಿಕಾದ ಈ ಹಕ್ಕಿ 19ನೇ ಶತಮಾನದ ಕೊನೆಗೆ ತಾನಾಗಿ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕ ಸೇರಿತು, ಆಮೇಲೆ ಉತ್ತರ ಅಮೆರಿಕಕ್ಕೂ ಹರಡಿತು.

ಕಂದು ಹಕ್ಕಿ ಕೂತಿತ್ತು, ಎದ್ದು ಹಾರಿದಾಗ ಪೂರ್ತಿ ಬಿಳಿ. ಎರಡು ಹಕ್ಕಿನಾ ಅದು?

ಒಂದೇ. ದಕ್ಷಿಣ ಏಷ್ಯಾದಲ್ಲಿ ಕಾಣುವ ಕೊಳದ ಬಕ. ಕೂತಾಗ ಬೆನ್ನಿನ ಮಣ್ಣು ಬಣ್ಣ ರೆಕ್ಕೆಯನ್ನು ಪೂರ್ತಿ ಮುಚ್ಚಿರುತ್ತದೆ. ಕತ್ತಿನ ಮೇಲಿನ ಕಂದು ಗೆರೆಗಳು ಒಣಗಿದ ಜೊಂಡಿನ ಕಡ್ಡಿಗಳ ಹಾಗೇ ಇರುತ್ತವೆ, ಕಾಲ ಬುಡದಲ್ಲೇ ಇದ್ದರೂ ಕಾಣುವುದಿಲ್ಲ. ಹಾರಲು ರೆಕ್ಕೆ ಬಿಚ್ಚಿದರೆ ರೆಕ್ಕೆ, ಬಾಲ ಎಲ್ಲಾ ಅಚ್ಚ ಬಿಳಿ. ಇಳಿದು ರೆಕ್ಕೆ ಮಡಚಿದ ಕ್ಷಣಕ್ಕೆ ಮತ್ತೆ ಮಾಯ. ನೂರು ಸಲ ನೋಡಿದ್ದೇನೆ, ಈಗಲೂ ಆ ಕ್ಷಣಕ್ಕೆ ಎದೆ ಝಲ್ಲೆನ್ನುತ್ತದೆ.

ಬೂದು ಬಕ ಯಾವುದು, ಕೆನ್ನೀಲಿ ಬಕ ಯಾವುದು? ದೂರದಿಂದ ಗೊತ್ತಾಗಲ್ಲ.

ಎಲ್ಲಿ ನಿಂತಿದೆ ಅನ್ನುವುದೇ ಅರ್ಧ ಉತ್ತರ. ಬಯಲು ನೀರಲ್ಲಿ, ಕಲ್ಲಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ನಿಂತರೆ ಹೆಚ್ಚಾಗಿ ಬೂದು ಬಕ. ಜೊಂಡಿನ ಒಳಗಿಂದ ಹಾವಿನ ಹಾಗೆ ಕತ್ತು ಮಾತ್ರ ಮೇಲೆದ್ದಿದ್ದರೆ ಕೆನ್ನೀಲಿ ಬಕ. ಬೂದು ಬಕ ದೊಡ್ಡದು, ಸುಮಾರು ಒಂದು ಮೀಟರ್ ಎತ್ತರ, ತಲೆ ಮತ್ತು ಕತ್ತು ಬೆಳ್ಳಗೆ, ಕಣ್ಣ ಮೇಲಿಂದ ಹಿಂದಕ್ಕೆ ಕಪ್ಪು ಪಟ್ಟಿ. ಕೆನ್ನೀಲಿ ಬಕದ ಕತ್ತು ಇಟ್ಟಿಗೆ ಬಣ್ಣ, ಉದ್ದಕ್ಕೂ ಕಪ್ಪು ಗೆರೆ. ಹಾರುವಾಗ ಅದರ ಕತ್ತಿನ ಮಡಿಕೆ ಕೆಳಗೆ ಚೂಪಾಗಿ ಜೋತಿರುತ್ತದೆ, ಕಾಲ್ಬೆರಳುಗಳು ಹಿಂದೆ ಕೆದರಿಕೊಂಡು ಕಾಣುತ್ತವೆ.

ನೀರಲ್ಲಿ ತೇಲೋ ಕಪ್ಪು ಹಕ್ಕಿಗಳೆಲ್ಲಾ ಬಾತುಕೋಳಿನಾ?

ಎಷ್ಟೋ ಸಲ ಒಂದೂ ಅಲ್ಲ. ಹಣೆಗೆ ಬಿಳಿ ನಾಮ ಇಟ್ಟ ಹಾಗಿದ್ದರೆ ನಾಮದ ಕೋಳಿ. ಹಣೆ ಕೆಂಪಿದ್ದು, ಈಜುವಾಗ ಬಾಲ ಎತ್ತೆತ್ತಿ ಬಿಳಿ ತೋರಿಸಿದರೆ ನೀರುಕೋಳಿ. ಮೈ ಅರ್ಧ ಮುಳುಗಿ, ಕೊಕ್ಕು ಮೇಲಕ್ಕೆ ಓರೆ ಮಾಡಿಕೊಂಡಿದ್ದರೆ ನೀರುಕಾಗೆ, ಅದರ ಕೊಕ್ಕಿನ ತುದಿ ಕೊಕ್ಕೆ. ಮೈಯೆಲ್ಲ ಮುಳುಗಿ ಕತ್ತು ಮಾತ್ರ ಹಾವಿನ ಹಾಗೆ ಓಡುತ್ತಿದ್ದರೆ ಹಾವಕ್ಕಿ, ಅದರ ಕೊಕ್ಕು ನೆಟ್ಟಗೆ, ಭರ್ಜಿಯ ಹಾಗೆ.

ಮುಷ್ಟಿಯಷ್ಟು ಇದ್ದು, ನೀವು ನೋಡುತ್ತಿರುವಾಗಲೇ ಪುಳಕ್ಕೆಂದು ಮುಳುಗಿ ಇನ್ನೆಲ್ಲೋ ಎದ್ದರೆ ಗುಳುಮುಳುಕ. ಇದರ ಕಾಲು ಮೈಯ ತೀರಾ ಹಿಂದಿದೆ, ಈಜಲು ಅದು ಬಹಳ ಚೆನ್ನು, ನಡೆಯಲು ಕಷ್ಟ. ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಓಡಾಡುತ್ತದೆ. ತನ್ನದೇ ಗರಿ ಕಿತ್ತು ನುಂಗುತ್ತದೆ, ಮರಿಗೂ ತಿನ್ನಿಸುತ್ತದೆ.

ರಾತ್ರಿ ಮನೆ ಮೇಲೆ ಏನೋ 'ಕ್ವಾಕ್' ಅಂತ ಕೂಗ್ತಾ ಹೋಯ್ತು, ಗೂಬೆನಾ?

ಇರುಳು ಬಕ ಇರಬೇಕು. ಹಗಲಿಡೀ ಮರದಲ್ಲಿ ಗೂನು ಬೆನ್ನು ಮಾಡಿಕೊಂಡು ಮಲಗಿ, ಕತ್ತಲಾಗುವ ಹೊತ್ತಿಗೆ ಬೇಟೆಗೆ ಹೊರಡುತ್ತದೆ. ದೊಡ್ಡ ಹಕ್ಕಿಯ ತಲೆ ಬೆನ್ನು ಕಪ್ಪು, ಕಣ್ಣು ಕೆಂಪು. ಮರಿ ಪೂರ್ತಿ ಬೇರೆ ಥರ: ಕಂದು ಮೈ, ಮೇಲೆಲ್ಲ ಬಿಳಿ ಹನಿ ಹನಿ ಚುಕ್ಕೆ. ದೊಡ್ಡದರ ಬಣ್ಣ ಬರಲು ಎರಡು ಮೂರು ವರ್ಷ ಬೇಕು. ಚುಕ್ಕೆ ಇರುವ ಬಕದ ಫೋಟೋ ಕಳಿಸಿ ಇದು ಅಪರೂಪದ್ದಾ ಎಂದು ಕೇಳಿದವರಿಗೆಲ್ಲ ಇದೇ ಉತ್ತರ ಬರೆದಿದ್ದೇನೆ.

ಫೋನಲ್ಲಿರೋ ಆ್ಯಪ್ ಹೇಳಿದ ಹೆಸರು ನಂಬಬಹುದಾ?

ಫೋಟೋ ಚೆನ್ನಾಗಿದ್ದರೆ ಹೆಚ್ಚಾಗಿ ಸರಿ ಹೇಳುತ್ತದೆ. ಬೆಳ್ಳಕ್ಕಿಗಳಲ್ಲಿ, ಮರಿಗಳಲ್ಲಿ ಎಡವುತ್ತದೆ. ಮೆರ್ಲಿನ್ ಥರದ ಆ್ಯಪ್ ಒಂದು ಹೆಸರು ಕೊಟ್ಟರೆ ಅದನ್ನು ಉತ್ತರ ಅಂದುಕೊಳ್ಳದೆ, ಅದು ಹೌದೋ ಅಲ್ಲವೋ ಎಂದು ನೀವೇ ಕೊಕ್ಕು, ಕಾಲು ನೋಡಿ ತೀರ್ಮಾನಿಸಿ. ಫೋನ್ ತೆಗೆಯುವ ಮುಂಚೆ ಒಂದು ನಿಮಿಷ ಹಕ್ಕಿಯನ್ನೇ ನೋಡಿ. ಫೋನ್ ತೆಗೆಯುವಷ್ಟರಲ್ಲಿ ಹಾರಿದರೂ ಆ ಒಂದು ನಿಮಿಷ ನಿಮ್ಮ ಹತ್ತಿರ ಉಳಿಯುತ್ತದೆ.

## ಅದು ಯಾಕೆ ಹಾಗೆ ಮಾಡುತ್ತದೆ?

ಗಂಟೆಗಟ್ಟಲೆ ಸುಮ್ನೆ ನಿಂತಿರುತ್ತೆ. ಹುಷಾರಿಲ್ವಾ ಅದಕ್ಕೆ?

ಚೆನ್ನಾಗೇ ಇದೆ, ಅದು ಕೆಲಸದಲ್ಲಿದೆ. ಮೀನಿಗೆ ಅಲುಗಾಟ ಕಾಣುತ್ತದೆ, ನಿಂತ ಕಾಲು ಕಡ್ಡಿಯ ಹಾಗೆ ಕಾಣುತ್ತದೆ. ಕತ್ತನ್ನು ಗಮನವಿಟ್ಟು ನೋಡಿ, ಎಸ್ ಆಕಾರಕ್ಕೆ ಮಡಚಿ ಇಟ್ಟಿರುತ್ತದೆ. ಕತ್ತಿನ ಆರನೇ ಮೂಳೆ ಉಳಿದವಕ್ಕಿಂತ ಉದ್ದ, ಅಲ್ಲೇ ಆ ಮುರಿವು. ಅಲ್ಲಿಂದಲೇ ತಲೆ ಬಾಣದ ಹಾಗೆ ಮುಂದೆ ಹೋಗುತ್ತದೆ.

ಇನ್ನೊಂದು ಕಷ್ಟವೂ ಇದೆ. ನೀರೊಳಗಿನ ಮೀನು ನಮಗೆ ಕಾಣುವ ಜಾಗದಲ್ಲಿ ಇರುವುದಿಲ್ಲ, ಬೆಳಕು ಬಾಗುತ್ತದಲ್ವಾ. ಬಕಗಳು ಆ ಬಾಗುವಿಕೆಯನ್ನು ಸರಿದೂಗಿಸಿಕೊಂಡೇ ಹೊಡೆಯುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಹೊಡೆಯುವ ಮುಂಚೆ ತಲೆಯನ್ನು ಆ ಕಡೆ ಈ ಕಡೆ ಒಂಚೂರು ಓಲಾಡಿಸುವುದನ್ನು ನೀವೂ ನೋಡಬಹುದು.

ಚಮಚದ ಕೊಕ್ಕಿನ ಹಕ್ಕಿ ಪೂರ್ತಿ ಬೇರೆ. ಅದು ಕಣ್ಣನ್ನು ನಂಬುವುದಿಲ್ಲ, ಕೊಕ್ಕನ್ನು ಸ್ವಲ್ಪ ತೆರೆದು ನೀರಲ್ಲಿ ಅತ್ತಿತ್ತ ಗುಡಿಸುತ್ತಾ ನಡೆಯುತ್ತದೆ, ಏನಾದರೂ ತಾಗಿದರೆ ಟಕ್ಕೆಂದು ಮುಚ್ಚುತ್ತದೆ.

ಒಂದೇ ಕಾಲಲ್ಲಿ ಯಾಕೆ ನಿಲ್ಲುತ್ತೆ?

ಮೈಯ ಬಿಸಿ ಉಳಿಸಲು. ಕಾಲಿಗೆ ಗರಿ ಇಲ್ಲ, ಒಂದನ್ನು ಹೊಟ್ಟೆಯ ಗರಿಯೊಳಗೆ ಎಳೆದುಕೊಂಡರೆ ಹೊರಹೋಗುವ ಬಿಸಿ ಕಡಿಮೆ. ಕಾಲು ತುಂಡಾಗಿದೆ ಎಂದು ಗಾಬರಿಪಟ್ಟು ಹೇಳುವವರಿದ್ದಾರೆ. ಸ್ವಲ್ಪ ಹೊತ್ತು ಕಾಯಿರಿ, ಇನ್ನೊಂದು ಕಾಲು ಇಳಿಯುತ್ತದೆ.

ಅಷ್ಟು ದೊಡ್ಡ ಮೀನು ಆ ಸಣ್ಣ ಕತ್ತಲ್ಲಿ ಹೇಗೆ ಹೋಗುತ್ತೆ?

ಕತ್ತು ರಬ್ಬರಿನ ಹಾಗೆ ಹಿಗ್ಗುತ್ತದೆ. ಆದರೆ ಮೀನು ತಲೆ ಕಡೆಯಿಂದಲೇ ಒಳಗೆ ಹೋಗಬೇಕು, ಇಲ್ಲದಿದ್ದರೆ ರೆಕ್ಕೆಯ ಮುಳ್ಳು ಬಿಚ್ಚಿಕೊಂಡು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಬೂದು ಬಕ ತನ್ನ ತಲೆಗಿಂತ ಅಗಲದ ಮೀನು ಹಿಡಿದದ್ದನ್ನು ಪೂರ್ತಿ ನೋಡಿದ್ದೇನೆ. ಮೊದಲು ದಡಕ್ಕೆ ನಡೆದುಕೊಂಡು ಬಂತು, ಜಾರಿದರೆ ನೀರಿಗೆ ಬೀಳಬಾರದಲ್ಲ. ನೆಲಕ್ಕೆ ಹಾಕಿ ಚುಚ್ಚಿತು, ಎತ್ತಿತು, ಮತ್ತೆ ಹಾಕಿತು. ಹುಲ್ಲು ಮೆತ್ತಿಕೊಂಡಾಗ ನೀರಿಗೆ ಹೋಗಿ ಅದ್ದಿ ತೊಳೆದು ತಂದಿತು. ಮೀನು ಸೋತ ಮೇಲೆ ಗಾಳಿಯಲ್ಲಿ ಒಂದು ಸಲ ಎಸೆದು ತಲೆ ಕಡೆಗೆ ತಿರುಗಿಸಿ ಹಿಡಿದು, ಕೊಕ್ಕು ಆಕಾಶಕ್ಕೆ ಮಾಡಿತು. ಕತ್ತಿನೊಳಗೆ ಆ ಉಬ್ಬು ನಿಧಾನಕ್ಕೆ ಇಳಿಯುವುದು ಹೊರಗಿಂದಲೇ ಕಾಣುತ್ತಿತ್ತು. ಆಮೇಲೆ ಎರಡು ಗುಟುಕು ನೀರು ಕುಡಿದು, ಕೊಕ್ಕು ತೊಳೆದು, ಹಾಗೇ ನಿಂತಿತು.

ಲೋಳೆ ಮೆತ್ತಿದ ಗರಿಗೂ ಅದರ ಹತ್ತಿರ ಉಪಾಯ ಇದೆ. ಎದೆಯಲ್ಲಿ ಸದಾ ಪುಡಿಯಾಗುವ ಒಂದು ಬಗೆಯ ಗರಿ ಇರುತ್ತದೆ, ಆ ಪುಡಿಯನ್ನು ಮೈಗೆ ಹಚ್ಚಿ ಲೋಳೆ ಹೀರಿಸುತ್ತದೆ. ನಡುಬೆರಳಿನ ಉಗುರಲ್ಲಿ ಬಾಚಣಿಗೆಯ ಹಾಗೆ ಹಲ್ಲುಗಳಿವೆ, ಅದರಿಂದ ಬಾಚುತ್ತದೆ.

ನೀರುಕಾಗೆ ರೆಕ್ಕೆ ಹರಡಿಕೊಂಡು ಯಾಕೆ ಕೂರುತ್ತೆ?

ಒಣಗಿಸಲು. ಅದರ ಗರಿಯ ಹೊರಭಾಗ ನೀರು ಹೀರುತ್ತದೆ. ಅದು ದೋಷ ಅಲ್ಲ. ಗರಿಯಲ್ಲಿ ಗಾಳಿ ತುಂಬಿಕೊಂಡಿದ್ದರೆ ತೇಲುತ್ತದೆ, ಮುಳುಗಲು ಕಷ್ಟ. ಒದ್ದೆಯಾದರೆ ಸಲೀಸಾಗಿ ಕೆಳಗೆ ಹೋಗುತ್ತದೆ. ಅದಕ್ಕೆ ತೆರುವ ಬೆಲೆ ಆಮೇಲಿನ ಬಿಸಿಲು ಕಾಯುವುದು.

ಬಕ ಮೀನಿಗೆ ಗಾಳ ಹಾಕುತ್ತಂತೆ, ನಿಜನಾ?

ಕೆಲವು ಜಾತಿಗಳಲ್ಲಿ ನಿಜ. ಹಸಿರು ಬಕ, ಗೆರೆ ಬಕಗಳು ಹುಳ, ಗರಿ, ಬ್ರೆಡ್ ಚೂರನ್ನು ನೀರ ಮೇಲೆ ಹಾಕಿ, ಮೀನು ಅದರ ಹತ್ತಿರ ಬಂದಾಗ ಹಿಡಿಯುವುದು ದಾಖಲಾಗಿದೆ. ತೇಲಿಹೋದರೆ ಎತ್ತಿ ತಂದು ಮತ್ತೆ ಹಾಕುತ್ತವೆ. ಆಫ್ರಿಕಾದ ಕರಿ ಬಕ ರೆಕ್ಕೆಗಳನ್ನು ತಲೆ ಸುತ್ತ ಕೊಡೆಯ ಹಾಗೆ ಬಿಚ್ಚಿ ನೆರಳು ಮಾಡಿ, ಆ ನೆರಳೊಳಗೆ ಮೀನು ಹಿಡಿಯುತ್ತದೆ.

## ಸ್ವಲ್ಪ ಮುಂದೆ ಹೋದವರಿಗೆ

ಬ್ರೆಡ್ ಹಾಕಿದ್ರೆ ತಪ್ಪೇನು? ಪಾಪ, ತಿನ್ನುತ್ತವೆ.

ತಿನ್ನುತ್ತವೆ, ಹೊಟ್ಟೆ ತುಂಬುತ್ತದೆ, ಬೇಕಾದ ಪೋಷಣೆ ಸಿಗುವುದಿಲ್ಲ. ಉಳಿದದ್ದು ಕೊಳೆತು ನೀರು ಹಸಿರು ಪಾಚಿ ಕಟ್ಟುತ್ತದೆ. ಒಂದೇ ಕಡೆ ಹಕ್ಕಿಗಳು ಗುಂಪಾದರೆ ರೋಗವೂ ಬೇಗ ಹರಡುತ್ತದೆ. ದಯವಿಟ್ಟು ಹಾಕಬೇಡಿ.

ಗೂಡಿನ ಹತ್ರ ಹೋಗಿ ಫೋಟೋ ತೆಗೀಬಹುದಾ?

ಬೇಡ. ಬಕ, ಬೆಳ್ಳಕ್ಕಿ, ನೀರುಕಾಗೆಗಳು ಒಂದೇ ಮರದಲ್ಲಿ ಹತ್ತಾರು ಗೂಡು ಕಟ್ಟುತ್ತವೆ. ನೀವು ಕೆಳಗೆ ಹೋದರೆ ಒಂದಲ್ಲ, ಇಡೀ ಮರವೇ ಏಳುತ್ತದೆ. ತಾಯಿ ಎದ್ದ ಐದು ನಿಮಿಷ ಕಾಗೆಗೆ ಸಾಕು, ಮೊಟ್ಟೆ ಹೋಗುತ್ತದೆ. ಬಿಸಿಲಿಗೆ ಮರಿ ಬೇಯುತ್ತದೆ. ಗಾಬರಿಯಾದ ಮರಿಗಳು ಗೂಡಿಂದ ಕೆಳಗೆ ಬೀಳುವುದೂ ಉಂಟು. ಡ್ರೋನ್ ಹಾರಿಸುವುದು ಇನ್ನೂ ಕೆಟ್ಟದ್ದು. ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯುವುದೂ ಬೇಡ. ದೂರದಿಂದ ಒಂದು ಗಂಟೆ ನೋಡಿದರೆ ತಂದೆ ಕಡ್ಡಿ ತಂದು ಕೊಡುವುದು, ತಾಯಿ ಇಸಿದುಕೊಂಡು ಸಿಕ್ಕಿಸುವುದು, ಮರಿಗಳು ತಂದೆ ತಾಯಿಯ ಕೊಕ್ಕನ್ನೇ ಹಿಡಿದು ಎಳೆದು ಊಟ ಕಕ್ಕಿಸುವುದು ಎಲ್ಲಾ ಕಾಣುತ್ತದೆ.

ಒಂದು ಮರಿ ಸಣಕಲಾಗಿ ಹಿಂದೆ ಬಿದ್ದದ್ದು ಕಂಡು ಸಂಕಟ ಆಗಬಹುದು. ಮೊಟ್ಟೆಗಳು ಒಂದೆರಡು ದಿನ ಬಿಟ್ಟು ಬಿಟ್ಟು ಒಡೆಯುತ್ತವೆ, ಕೊನೆಯದು ಚಿಕ್ಕದು. ಮೀನು ಸಾಕಷ್ಟು ಇದ್ದ ವರ್ಷ ಅದೂ ಬದುಕುತ್ತದೆ.

ಗಾಯ ಆಗಿರೋ ಬಕ ಸಿಕ್ಕಿದ್ರೆ ಏನ್ ಮಾಡ್ಲಿ?

ಮೊದಲು ನಿಮ್ಮ ಕಣ್ಣು ಜೋಪಾನ. ಬಕ ಹೆದರಿದರೆ ಮುಖಕ್ಕೇ ಹೊಡೆಯುತ್ತದೆ, ಆ ಕತ್ತು ಎಷ್ಟು ಉದ್ದ ಬರುತ್ತದೆ ಎಂದು ಅಂದಾಜೇ ಸಿಗುವುದಿಲ್ಲ. ಅನುಭವ ಇಲ್ಲದಿದ್ದರೆ ಮುಟ್ಟಬೇಡಿ, ವನ್ಯಜೀವಿ ರಕ್ಷಣೆಯವರಿಗೆ ಜಾಗ ಸರಿಯಾಗಿ ಹೇಳಿ, ಅವರು ಬರುವವರೆಗೆ ನಾಯಿ, ಜನ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ. ಗಾಳದ ನೈಲಾನ್ ದಾರ ಸುತ್ತಿಕೊಂಡಿರುವುದು ತುಂಬಾ ಸಾಮಾನ್ಯ. ದಡದಲ್ಲಿ ಬಿದ್ದ ದಾರ ಕಂಡರೆ ಎತ್ತಿಕೊಂಡು ಬನ್ನಿ.

ಬೇಸಿಗೆಯಲ್ಲಿ ಹಲವು ಹಕ್ಕಿಗಳು ಒಟ್ಟಿಗೆ ಕತ್ತು ಎತ್ತಲಾಗದೆ, ರೆಕ್ಕೆ ಬಿದ್ದು ದಡದಲ್ಲಿ ಕೂತಿದ್ದರೆ ಬಾಟುಲಿಸಂ ಇರಬಹುದು. ನೀರು ಬಿಸಿಯಾಗಿ ಆಮ್ಲಜನಕ ಕಡಿಮೆಯಾದಾಗ ಕೆಸರಿನ ಬ್ಯಾಕ್ಟೀರಿಯಾ ವಿಷ ಮಾಡುತ್ತದೆ. ಸತ್ತ ಹಕ್ಕಿಯಲ್ಲಿ ಬಿದ್ದ ಹುಳುಗಳಲ್ಲಿ ಆ ವಿಷ ಸೇರುತ್ತದೆ, ಆ ಹುಳು ತಿಂದ ಹಕ್ಕಿಯೂ ಬೀಳುತ್ತದೆ. ಹಾಗಾಗಿ ತಕ್ಷಣ ತಿಳಿಸಬೇಕು. ಹಕ್ಕಿ ಜ್ವರವೂ ಇರಬಹುದು, ಬರಿಗೈಯಲ್ಲಿ ಮುಟ್ಟಲೇಬೇಡಿ.

ಬೆಳ್ಳಕ್ಕಿ ಎಲ್ಲಾ ಕಡೆ ಇವೆ, ಅವಕ್ಕೇನು ಅಪಾಯ?

ಒಂದು ಕಾಲಕ್ಕೆ ಇದೇ ಮಾತು ಹೇಳುತ್ತಾ ಅವನ್ನು ಮುಗಿಸುವ ಹಂತಕ್ಕೆ ತಂದಿದ್ದರು. ಮರಿ ಮಾಡುವ ಕಾಲಕ್ಕೆ ಬೆಳ್ಳಕ್ಕಿಯ ಬೆನ್ನಿನಿಂದ ನೂಲಿನಂಥ ಗರಿಗಳು ಇಳಿಬೀಳುತ್ತವೆ. 19ನೇ ಶತಮಾನದ ಕೊನೆಯಲ್ಲಿ ಯುರೋಪ್, ಅಮೆರಿಕದ ಹೆಂಗಸರ ಟೋಪಿಗೆ ಆ ಗರಿ ಬೇಕಿತ್ತು, ತೂಕಕ್ಕೆ ಚಿನ್ನಕ್ಕಿಂತ ಹೆಚ್ಚು ಬೆಲೆ ಬಾಳುತ್ತಿತ್ತು. ಗೂಡಲ್ಲಿ ಮರಿ ಇರುವಾಗಲೇ ಆ ಗರಿ ಇರುವುದರಿಂದ ತಂದೆ ತಾಯಿಯನ್ನು ಕೊಂದರೆ ಮರಿಗಳೂ ಹಸಿದು ಸಾಯುತ್ತಿದ್ದವು. ಇದನ್ನು ನಿಲ್ಲಿಸಲು ಮೊದಲು ಎದ್ದವರೂ ಹೆಂಗಸರೇ. 1889ರಲ್ಲಿ ಇಂಗ್ಲೆಂಡಿನಲ್ಲಿ ಎಮಿಲಿ ವಿಲಿಯಮ್ಸನ್, 1896ರಲ್ಲಿ ಬಾಸ್ಟನ್‌ನಲ್ಲಿ ಹ್ಯಾರಿಯೆಟ್ ಹೆಮೆನ್ವೇ ಮತ್ತು ಮಿನ್ನಾ ಹಾಲ್ ಶುರು ಮಾಡಿದ ಗುಂಪುಗಳೇ ಮುಂದೆ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆಗಳಾದವು. ಅಮೆರಿಕದಲ್ಲಿ 1918ರಲ್ಲಿ, ಬ್ರಿಟನ್ನಿನಲ್ಲಿ 1921ರಲ್ಲಿ ಕಾನೂನು ಬಂತು. ಈಗ ಅಪಾಯ ಬಂದೂಕಲ್ಲ, ನೀರಿನ ಜಾಗ ಮುಚ್ಚುತ್ತಿರುವುದು.

ಜೊಂಡನ್ನೆಲ್ಲ ಕಿತ್ತು, ಆಳ ಮಾಡಿ, ಸುತ್ತ ಕಲ್ಲು ಕಟ್ಟಿದ್ರೆ ಹಕ್ಕಿ ಜಾಸ್ತಿ ಬರ್ತವಲ್ವಾ?

ಕಡಿಮೆಯಾಗುತ್ತವೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬಟ್ಟಲಿನ ಹಾಗೆ ಅಂಚಿನಿಂದಲೇ ಆಳ ಮಾಡಿದರೆ ಕಾಲೂರಲು ಜಾಗ ಎಲ್ಲಿ? ಬಕ ಈಜುವ ಹಕ್ಕಿ ಅಲ್ಲ. ನಾನು ವರ್ಷಗಟ್ಟಲೆ ನೋಡುತ್ತಿದ್ದ ಒಂದು ನೀರಿನಲ್ಲಿ ಹೀಗೇ ಮಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ನೋಡಲು ಚೊಕ್ಕಟ ಆಯಿತು. ಮುಂದಿನ ವರ್ಷ ನಾಮದ ಕೋಳಿ, ನೀರುಕಾಗೆ ಇದ್ದವು. ಗದ್ದೆಗೊರವ, ಕೊಳದ ಬಕ, ಕೆನ್ನೀಲಿ ಬಕ ಒಂದೂ ಇರಲಿಲ್ಲ.

ಜೊಂಡು ಪೂರ್ತಿ ಮುಚ್ಚಿಕೊಂಡರೂ ಕಷ್ಟ, ಬಯಲು ನೀರು ಉಳಿಯುವುದಿಲ್ಲ. ಬೇಕಾದ್ದು ಕಲಬೆರಕೆ. ಒಂದಷ್ಟು ಜೊಂಡು, ಒಂದಷ್ಟು ಬಯಲು, ಒಂದು ಕಡೆಯಾದರೂ ಇಳಿಜಾರಾದ ಮಣ್ಣಿನ ದಡ, ನಾಯಿ ಹೋಗಲಾಗದ ಒಂದು ನಡುಗಡ್ಡೆ, ನೀರಲ್ಲಿ ಬಿದ್ದ ಒಂದು ಒಣ ಕೊಂಬೆ. ಬೇಸಿಗೆಯಲ್ಲಿ ನೀರು ಇಳಿದು ಕೆಸರು ಕಾಣುವುದೂ ಬೇಕು, ವಲಸೆ ಬರುವ ಗೊರವಗಳಿಗೆ ಅದೇ ಊಟದ ತಟ್ಟೆ. ಜೊಂಡು ತೆಗೆಯಲೇಬೇಕಿದ್ದರೆ ಮರಿ ಮಾಡುವ ಕಾಲ ಬಿಟ್ಟು, ಒಂದು ವರ್ಷಕ್ಕೆ ಒಂದು ಭಾಗ ಮಾತ್ರ ತೆಗೆಯಲಿ.

ಎಣಿಸೋದು ಹೇಗೆ? ನನ್ನ ಲೆಕ್ಕದಿಂದ ಯಾರಿಗೆ ಏನು ಉಪಯೋಗ?

ಹತ್ತು ಹಕ್ಕಿ ಎಣಿಸಿ, ಆ ಹತ್ತು ಕಣ್ಣಿಗೆ ಎಷ್ಟು ಜಾಗ ಹಿಡಿಯಿತು ನೋಡಿಕೊಳ್ಳಿ, ಉಳಿದ ಗುಂಪಿನ ಮೇಲೆ ಅಷ್ಟಷ್ಟೇ ಅಳೆಯುತ್ತಾ ಹೋಗಿ. ಬೆಳ್ಳಕ್ಕಿಗಳನ್ನು ಸಂಜೆ ತಂಗುವ ಮರಕ್ಕೆ ಬರುವಾಗ ಎಣಿಸುವುದು ಸುಲಭ. ಒಂದೇ ಜಾಗ, ಒಂದೇ ಹೊತ್ತು, ತಿಂಗಳಿಗೆ ಎರಡು ಸಲವಾದರೂ. ಏನೂ ಕಾಣದ ದಿನವನ್ನೂ ಬರೆದಿಡಿ. 2002ರಲ್ಲಿ ಶುರುವಾದ, ಹಕ್ಕಿ ನೋಡುವವರು ತಮ್ಮ ಲೆಕ್ಕ ಸೇರಿಸುವ ಜಾಲತಾಣ ಇಬರ್ಡ್‌ಗೆ ಹಾಕಿದರೆ ಸಂಶೋಧಕರಿಗೂ ಸಿಗುತ್ತದೆ.

ಉಪಯೋಗ ಇದೆ. ಒಂದು ಜಾತಿಯ ಒಟ್ಟು ಸಂಖ್ಯೆಯ ನೂರಕ್ಕೆ ಒಂದು ಭಾಗ ಒಂದು ಜೌಗಿನಲ್ಲಿ ಸದಾ ಕಾಣುತ್ತಿದ್ದರೆ ರಾಮ್ಸಾರ್ ಒಪ್ಪಂದದ ಮಹತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಲು ಅದೊಂದು ಮಾನದಂಡ. ಅಷ್ಟು ದೊಡ್ಡದಲ್ಲದಿದ್ದರೂ, ಯಾರೋ ಇಲ್ಲಿ ಏನೂ ಇಲ್ಲ, ಮುಚ್ಚಿಬಿಡೋಣ ಅಂದಾಗ ಎದುರಿಗಿಡಲು ನಿಮ್ಮ ಐದು ವರ್ಷದ ನೋಟ್‌ಬುಕ್ ಇರುತ್ತದೆ.

ಬೆಳ್ಳಕ್ಕಿ ಗುಂಪುಗಟ್ಟಿ ಬಂದಿವೆ ಅಂದ್ರೆ ನೀರು ಚೆನ್ನಾಗಿದೆ ಅಂತಾನಾ?

ಯಾವಾಗಲೂ ಅಲ್ಲ. ಒಂದೇ ದಿನದಲ್ಲಿ ನೂರಾರು ಬಂದು ಸೇರಿದರೆ ನನಗೆ ಮೊದಲು ಹೆದರಿಕೆ ಆಗುತ್ತದೆ. ಕೊಳಚೆ ಬಂದು ಆಮ್ಲಜನಕ ಇಳಿದಾಗ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ, ಸುಲಭದ ಊಟ, ಬೆಳ್ಳಕ್ಕಿಗಳಿಗೆ ಗೊತ್ತಾಗುತ್ತದೆ. ಆಮೇಲೆ ಸತ್ತ ಮೀನು ತೇಲಬಹುದು. ಅಂಥ ದಿನ ಹಕ್ಕಿ ಬಿಟ್ಟು ನೀರಿನ ಮೇಲ್ಮೈ ನೋಡಿ. ಮೀನಿನ ಬಾಯಿಗಳು ಕಂಡರೆ ಕೆರೆ ನೋಡಿಕೊಳ್ಳುವವರಿಗೆ ಆಗಲೇ ಫೋನ್ ಮಾಡಿ.

ನೀರು ಹೇಗಿದೆ ಎಂದು ತಿಳಿಯಲು ನಾನು ಬೆಳ್ಳಕ್ಕಿಗಿಂತ ಗುಳುಮುಳುಕ ಮತ್ತು ಮಿಂಚುಳ್ಳಿಯನ್ನು ಹುಡುಕುತ್ತೇನೆ. ಎರಡಕ್ಕೂ ನೀರೊಳಗೆ ಕಣ್ಣು ಕಾಣಬೇಕು. ಒಂದು ಜೋಡಿ ಗುಳುಮುಳುಕ ಮರಿ ಮಾಡಿ, ಆ ಪಟ್ಟೆ ತಲೆಯ ಮರಿಗಳು ತಾಯಿಯ ಬೆನ್ನಿಂದ ಇಣುಕುತ್ತಿದ್ದರೆ ಆ ಬೆಳಿಗ್ಗೆ ನಾನು ತುಂಬಾ ಹೊತ್ತು ಅಲ್ಲೇ ಕೂತಿರುತ್ತೇನೆ.